ಮೂಲೆಯಲ್ಲಿರುವ ಕಂಪ್ಯೂಟರ್‌ಗೆ ಮನೆ ಕಾಯುವ ಕೆಲಸ

ಎಲ್ಲರಿಗೂ ನಮಸ್ಕಾರ.

ನನಗಿಂತ ಮೊದಲು ಮಾತಾಡಿದವರು ಕ್ಲೌಡ್ ಕ್ಯಾಮೆರಾಗಳ ಬಗ್ಗೆ, ಅಂದರೆ ವಿಡಿಯೊವನ್ನು ಇಂಟರ್ನೆಟ್ ಮೂಲಕ ಕಂಪನಿಯ ಸರ್ವರ್ರಿಗೆ ಕಳಿಸುವ ಕ್ಯಾಮೆರಾಗಳ ಬಗ್ಗೆ, ಚೆನ್ನಾಗಿ ಹೇಳಿದರು. ಗೋಡೆಗೆ ಅಂಟಿಸಿ, ಫೋನಿಗೆ ಆ್ಯಪ್ ಹಾಕಿ, ಮುಗಿಯಿತು. ಅನುಕೂಲ ಇದೆ, ಒಪ್ಪುತ್ತೇನೆ. ಆದರೆ ಆ ವಿಡಿಯೊ ಎಲ್ಲಿಗೆ ಹೋಗುತ್ತದೆ? ಯಾರು ನೋಡಬಹುದು? ತಿಂಗಳ ಹಣ ಕಟ್ಟೋದು ನಿಲ್ಲಿಸಿದರೆ ಏನಾಗುತ್ತದೆ? ನಾನು ಇವತ್ತು ಇಲ್ಲಿ ನಿಂತಿರುವುದು ಒಂದೇ ಮಾತಿಗಾಗಿ. ನಿಮ್ಮ ಮನೆಯ ವಿಡಿಯೊ ನಿಮ್ಮ ಮನೆಯಲ್ಲೇ ಇರಬೇಕು. ಅದಕ್ಕೆ ಬೇಕಾದ ಯಂತ್ರ ಇಲ್ಲಿರುವ ಬಹಳ ಜನರ ಮನೆಯಲ್ಲಿ ಈಗಾಗಲೇ ಇದೆ. ಹೊಸದು ಬಂತು ಅಂತ ಮೂಲೆಗೆ ಸರಿಸಿದ ಹಳೇ ಕಂಪ್ಯೂಟರ್ ಇದೆಯಲ್ಲ, ಅದೇ.

ಮೊದಲು ಒಬ್ಬ ಹೆಣ್ಣುಮಗಳ ವಿಷಯ. ಇದನ್ನು ಹೇಳದೆ ನನಗೆ ಮುಂದಕ್ಕೆ ಹೋಗಲು ಮನಸ್ಸಾಗುವುದಿಲ್ಲ. ಹೆಸರು ಮೇರಿ ವ್ಯಾನ್ ಬ್ರಿಟನ್ ಬ್ರೌನ್. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ನರ್ಸ್ ಆಗಿದ್ದವರು. ಗಂಡ ಆಲ್ಬರ್ಟ್ ಎಲೆಕ್ಟ್ರಾನಿಕ್ಸ್ ಟೆಕ್ನಿಷಿಯನ್. ಇಬ್ಬರದೂ ಹೊತ್ತಲ್ಲದ ಹೊತ್ತಿನ ಕೆಲಸ. ಆಕೆ ಒಬ್ಬರೇ ಇರುವಾಗ ರಾತ್ರಿ ಯಾರಾದರೂ ಬಾಗಿಲು ತಟ್ಟಿದರೆ? ಫೋನ್ ಮಾಡಿದರೂ ಪೊಲೀಸರು ಬರುವುದು ತಡ. ಹಾಗಂತ ಆಕೆ ಸುಮ್ನೆ ಹೆದರಿ ಕೂರಲಿಲ್ಲ. ಬಾಗಿಲಿಗೆ ಬೇರೆ ಬೇರೆ ಎತ್ತರದಲ್ಲಿ ನಾಲ್ಕು ಕಿಂಡಿ. ಒಂದು ಎತ್ತರದವರ ಮುಖಕ್ಕೆ, ಒಂದು ಮಕ್ಕಳ ಎತ್ತರಕ್ಕೆ. ಒಳಗಡೆ ಕ್ಯಾಮೆರಾ ಮೇಲೆ ಕೆಳಗೆ ಸರಿದು ಯಾವ ಕಿಂಡಿಯಲ್ಲಿ ಬೇಕೋ ಅಲ್ಲಿ ನಿಲ್ಲುತ್ತದೆ. ಚಿತ್ರ ಮಲಗುವ ಕೋಣೆಯ ಟಿವಿಗೆ ಬರುತ್ತದೆ. ಹೊರಗಿರುವವರ ಜೊತೆ ಮಾತಾಡಲು ಮೈಕು. ಬಂದವರು ಪರಿಚಯದವರಾದರೆ ಮಂಚದಿಂದ ಏಳದೆ ಗುಂಡಿ ಒತ್ತಿ ಬಾಗಿಲು ತೆಗೆಯಬಹುದು. ಅಪಾಯ ಅನ್ನಿಸಿದರೆ ಇನ್ನೊಂದು ಗುಂಡಿ, ಅದು ಸಹಾಯಕ್ಕೆ ಕರೆಯುತ್ತದೆ. 1966ರಲ್ಲಿ ಗಂಡ ಹೆಂಡತಿ ಸೇರಿ ಅರ್ಜಿ ಹಾಕಿದರು. 1969ರ ಡಿಸೆಂಬರ್‌ನಲ್ಲಿ ಪೇಟೆಂಟ್ ಸಿಕ್ಕಿತು. ಇವತ್ತು ಮಾರುಕಟ್ಟೆಯಲ್ಲಿರುವ ಡೋರ್‌ಬೆಲ್ ಕ್ಯಾಮೆರಾದಲ್ಲಿ ಏನೇನಿದೆಯೋ ಹೆಚ್ಚುಕಡಿಮೆ ಎಲ್ಲವೂ ಆ ಪೇಟೆಂಟಿನಲ್ಲಿದೆ. ಕ್ಯಾಮೆರಾದ ಚಿತ್ರ ಹೊರಬಾಗಿಲಿನಿಂದ ಮಲಗುವ ಕೋಣೆಗೆ ಬರುತ್ತಿತ್ತು. ನಡುವೆ ಇನ್ಯಾವ ಕಂಪನಿಯ ಸರ್ವರ್ರೂ ಇರಲಿಲ್ಲ. ಯಾರನ್ನು ಕರೆಯಬೇಕು ಅನ್ನೋದು ಆಕೆಯ ಕೈಯಲ್ಲಿತ್ತು. ನಾನು ಕೇಳುತ್ತಿರುವುದೂ ಅಷ್ಟೇ.

ಸರಿ, ಕಂಪ್ಯೂಟರಿಗೆ ಬರೋಣ. "ನನ್ನದು ತುಂಬಾ ಹಳೇದು, ಎಳೆಯುತ್ತಾ?" ಅಂತ ಕೇಳುತ್ತೀರಿ. ನಾಲ್ಕು ಕೋರ್‌ನ ಪ್ರೊಸೆಸರ್, 8 ಜಿಬಿ ರ‍್ಯಾಮ್ ಇದ್ದರೆ ನಾಲ್ಕು ಕ್ಯಾಮೆರಾಕ್ಕೆ ಧಾರಾಳ. ಯಾಕೆ ಅಂದರೆ, ವಿಡಿಯೊವನ್ನು ಹಿಂಡಿ ಚಿಕ್ಕದು ಮಾಡುವ ಭಾರದ ಕೆಲಸ ಕ್ಯಾಮೆರಾದೊಳಗೇ ಆಗಿರುತ್ತದೆ. ಎಚ್.264 ಅಥವಾ ಎಚ್.265 ರೂಪದಲ್ಲಿ ಅದು ಬರುತ್ತದೆ. ಕಂಪ್ಯೂಟರ್ ಅದನ್ನು ಬಂದ ಹಾಗೇ ಡಿಸ್ಕಿಗೆ ಬರೆದರೆ ಆಯಿತು. ಕಷ್ಟ ಶುರುವಾಗುವುದು ಚಲನೆ ಹುಡುಕುವಾಗ. ಆಗ ಪ್ರತಿ ಚಿತ್ರವನ್ನೂ ಬಿಚ್ಚಿ ನೋಡಬೇಕು. ಇಲ್ಲಿ ಬಹಳ ಜನ ಪೂರ್ತಿ ದೊಡ್ಡ ಚಿತ್ರವನ್ನೇ ಬಿಚ್ಚಲು ಹೇಳುತ್ತಾರೆ, ಫ್ಯಾನು ಕೂಗಲು ಶುರುವಾಗುತ್ತದೆ, ಕಂಪ್ಯೂಟರ್ ಕೆಲಸಕ್ಕೆ ಬರಲ್ಲ ಅಂತ ಬೈಯುತ್ತಾರೆ. ಆದರೆ ಹೆಚ್ಚಿನ ಕ್ಯಾಮೆರಾಗಳು ಒಂದೇ ದೃಶ್ಯವನ್ನು ಎರಡು ಸ್ಟ್ರೀಮ್ ಆಗಿ, ಅಂದರೆ ಎರಡು ಗಾತ್ರದ ವಿಡಿಯೊ ಆಗಿ ಕೊಡುತ್ತವೆ. ಒಂದು ದೊಡ್ಡದು, ಒಂದು ಚಿಕ್ಕದು. ದೊಡ್ಡದನ್ನು ರೆಕಾರ್ಡಿಂಗ್‌ಗೆ ಇಡಿ. 640 ಪಿಕ್ಸೆಲ್ ಅಗಲದ ಚಿಕ್ಕದನ್ನು ಸೆಕೆಂಡಿಗೆ 5 ಚಿತ್ರದಂತೆ ಚಲನೆ ಹುಡುಕಲು ಕೊಡಿ. ಮನುಷ್ಯ ನಡೆದು ಬರುತ್ತಿದ್ದಾನೋ ಇಲ್ಲವೋ ತಿಳಿಯಲು ಅಷ್ಟು ಸಾಕು. ಈ ಒಂದು ಸೆಟ್ಟಿಂಗ್ ಬದಲಿಸಿದರೆ ಅದೇ ಹಳೇ ಯಂತ್ರ ನಿರಾಳವಾಗಿ ಕೆಲಸ ಮಾಡುತ್ತದೆ.

ಸಾಫ್ಟ್‌ವೇರ್ ಬಗ್ಗೆ, ಅಂದರೆ ಕ್ಯಾಮೆರಾದ ವಿಡಿಯೊ ಪಡೆದು ರೆಕಾರ್ಡ್ ಮಾಡುವ ಪ್ರೋಗ್ರಾಂ ಬಗ್ಗೆ, ಜಗಳ ಬೇಡ. ಲಿನಕ್ಸ್ ಒಗ್ಗುವವರಿಗೆ ಝೋನ್‌ಮೈಂಡರ್ ಇದೆ, ಇಪ್ಪತ್ತು ವರ್ಷಕ್ಕಿಂತ ಹಳೆಯದು. ಫ್ರಿಗೇಟ್ ಇದೆ, ಅದು ಮನುಷ್ಯ, ಕಾರು, ನಾಯಿ, ಬೆಕ್ಕು ಅಂತ ಬೇರೆ ಮಾಡಿ ಹೇಳುತ್ತದೆ. ಎರಡೂ ಉಚಿತ. ವಿಂಡೋಸ್ ಬಿಡಲಾರೆ ಅನ್ನುವವರಿಗೆ ಬ್ಲೂ ಐರಿಸ್, ಅದಕ್ಕೆ ಹಣ ಕೊಡಬೇಕು. ಯಾವುದು ನಿಮ್ಮ ಕೈಗೆ ಒಗ್ಗುತ್ತೋ ಅದು.

ಕ್ಯಾಮೆರಾ ಕೊಳ್ಳುವಾಗ ಮಾತ್ರ ಎಚ್ಚರ. ಆನ್‌ವಿಫ್ ಅಥವಾ ಆರ್‌ಟಿಎಸ್‌ಪಿ, ಈ ಎರಡರಲ್ಲಿ ಒಂದಾದರೂ ವಿವರದಲ್ಲಿ ಇರಬೇಕು. ಬೇರೆ ಬೇರೆ ಕಂಪನಿಯ ಸಾಧನಗಳು ಮಾತಾಡಿಕೊಳ್ಳಲಿ ಅಂತ 2008ರಲ್ಲಿ ಆಕ್ಸಿಸ್, ಬಾಷ್, ಸೋನಿ ಸೇರಿ ಶುರು ಮಾಡಿದ್ದು ಆನ್‌ವಿಫ್. ಆರ್‌ಟಿಎಸ್‌ಪಿ ಅಂದರೆ ನೆಟ್‌ವರ್ಕಿನಲ್ಲಿ ವಿಡಿಯೊ ಕಳಿಸುವ ಒಂದು ಸಾಮಾನ್ಯ ವಿಧಾನ. ಇವೆರಡೂ ಇಲ್ಲದ ಕ್ಯಾಮೆರಾ ತನ್ನ ಕಂಪನಿಯ ಆ್ಯಪ್ ಬಿಟ್ಟು ಬೇರೆಯವರಿಗೆ ವಿಡಿಯೊ ಕೊಡುವುದು ಕಷ್ಟ. ಅಂದರೆ ಮತ್ತೆ ಅದೇ, ನಿಮ್ಮ ಮನೆಯ ವಿಡಿಯೊ ನಿಮ್ಮ ಮನೆಯಲ್ಲಿ ಇರುವುದಿಲ್ಲ.

ಡಿಸ್ಕ್ ಎಷ್ಟು ಬೇಕು? ಲೆಕ್ಕ ಸುಲಭ. ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ಕಳಿಸುತ್ತದೆ ಅಂದುಕೊಳ್ಳಿ. ಗಂಟೆಗೆ 1.8 ಜಿಬಿ, ದಿನಕ್ಕೆ ಸುಮಾರು 43 ಜಿಬಿ. ನಾಲ್ಕು ಕ್ಯಾಮೆರಾ ಇದ್ದರೆ 1 ಟಿಬಿ ಡಿಸ್ಕ್ ಆರು ದಿನ ಆಗುವಷ್ಟರಲ್ಲಿ ತುಂಬುತ್ತದೆ. ತುಂಬಿದ ಮೇಲೆ ಹಳೆಯದನ್ನು ಅಳಿಸಿಕೊಂಡು ಮುಂದುವರಿಯುವಂತೆ ಇಡಿ. ಕಂಪ್ಯೂಟರ್ ಹಳೇದಾದರೆ ಪರವಾಗಿಲ್ಲ, ಡಿಸ್ಕ್ ಹಳೇದು ಬೇಡ. ಹಗಲೂ ರಾತ್ರಿ ಬರೆಯುತ್ತಲೇ ಇರಬೇಕು ಅದು. ಆ ಕೆಲಸಕ್ಕೆಂದೇ ಮಾಡಿದ ಸರ್ವೇಲನ್ಸ್ ಡಿಸ್ಕ್‌ಗಳು ಸಿಗುತ್ತವೆ.

ಇಲ್ಲೊಂದು ಜೇಡದ ವಿಷಯ ಹೇಳಲೇಬೇಕು. ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕು ಹತ್ತಿಕೊಳ್ಳುತ್ತದೆ. ಅದರ ಸುತ್ತ ಹುಳ ಸೇರುತ್ತವೆ, ಹುಳದ ಹಿಂದೆ ಜೇಡ ಬರುತ್ತದೆ. ಲೆನ್ಸಿನ ಮುಂದೆಯೇ ಬಲೆ. ನಮ್ಮ ಕಣ್ಣಿಗೆ ಕಾಣದಷ್ಟು ತೆಳು ಎಳೆ, ಆದರೆ ಕ್ಯಾಮೆರಾಕ್ಕೆ ಅದು ಬೆಳ್ಳಗೆ ಹೊಳೆಯುವ ದಪ್ಪ ಹಗ್ಗ. ಗಾಳಿಗೆ ಅದು ಅಲ್ಲಾಡಿದಾಗೆಲ್ಲ ಫೋನ್ ಕೂಗುತ್ತದೆ. ಬೆಳಗಾಗುವಷ್ಟರಲ್ಲಿ ನೂರಾರು ಎಚ್ಚರಿಕೆ. ಆಮೇಲೆ ಮನೆಯವರೆಲ್ಲ ಎಚ್ಚರಿಕೆಯ ಸದ್ದನ್ನೇ ಬಂದ್ ಮಾಡಿಬಿಡುತ್ತಾರೆ, ಅಲ್ವಾ? ಅಲ್ಲಿಗೆ ವ್ಯವಸ್ಥೆ ಇದ್ದೂ ಇಲ್ಲದ ಹಾಗೆ. ವಾರಕ್ಕೊಮ್ಮೆ ಒಣ ಬ್ರಷ್ಷಿನಿಂದ ಬಲೆ ತೆಗೆಯಿರಿ. ಇನ್‌ಫ್ರಾರೆಡ್ ದೀಪವನ್ನು ಕ್ಯಾಮೆರಾದಿಂದ ದೂರ ಬೇರೆಯಾಗಿ ಇಟ್ಟರೆ ಇನ್ನೂ ಒಳ್ಳೆಯದು. ಮತ್ತೆ, ಕ್ಯಾಮೆರಾವನ್ನು ಕಿಟಕಿಯ ಗಾಜಿನ ಒಳಗಿನಿಂದ ಹೊರಗೆ ತಿರುಗಿಸಿಟ್ಟರೆ ರಾತ್ರಿ ಗಾಜಿನಲ್ಲಿ ಅದರದೇ ಬೆಳಕು ಕಾಣುತ್ತದೆ, ಬೇರೇನಿಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. 2016ರಲ್ಲಿ ಮಿರೈ ಅನ್ನೋ ಮಾಲ್‌ವೇರ್, ಅಂದರೆ ಕೆಡುಕು ಮಾಡುವ ಸಾಫ್ಟ್‌ವೇರ್, ಬಂತು. ಅದರ ಹತ್ತಿರ ಅರವತ್ತರ ಆಸುಪಾಸು ಯೂಸರ್‌ನೇಮ್, ಪಾಸ್‌ವರ್ಡ್ ಜೋಡಿಗಳ ಪಟ್ಟಿ ಇತ್ತು, ಅಷ್ಟೇ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಯಾರೂ ಬದಲಿಸುವುದಿಲ್ಲ ಅನ್ನೋದೇ ಅದರ ಬಲ. ಲಕ್ಷಾಂತರ ಕ್ಯಾಮೆರಾ, ಡಿವಿಆರ್ ಎಂಬ ವಿಡಿಯೊ ರೆಕಾರ್ಡರ್, ರೌಟರ್‌ಗಳು ಅದರ ಕೈಗೆ ಸಿಕ್ಕವು. ಆ ವರ್ಷ ಅಕ್ಟೋಬರ್ 21ರಂದು ಅವುಗಳನ್ನೇ ಬಳಸಿ ವೆಬ್‌ಸೈಟ್ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ದಾಳಿ ನಡೆಯಿತು. ಟ್ವಿಟರ್, ನೆಟ್‌ಫ್ಲಿಕ್ಸ್ ಎಷ್ಟೋ ಜನರಿಗೆ ತೆರೆಯಲೇ ಇಲ್ಲ. ಮನೆ ಕಾಯಲು ತಂದ ಕ್ಯಾಮೆರಾ ಪರರ ಆಯುಧವಾಯಿತು. 2021ರಲ್ಲಿ ವೆರ್ಕಾಡಾ ಎಂಬ ಕ್ಲೌಡ್ ಕ್ಯಾಮೆರಾ ಕಂಪನಿಯ ಒಳಗೆ ನುಗ್ಗಿದವರಿಗೆ ಸುಮಾರು 1.5 ಲಕ್ಷ ಕ್ಯಾಮೆರಾಗಳ ದೃಶ್ಯ ಒಂದೇ ಕಡೆ ಸಿಕ್ಕಿತು. ಒಂದೇ ಕಡೆ! ಎಲ್ಲರ ವಿಡಿಯೊ ಒಂದೇ ಜಾಗದಲ್ಲಿ ಕೂಡಿಟ್ಟರೆ ಕದಿಯುವವರಿಗೂ ಒಂದೇ ಬಾಗಿಲು ಸಾಕು. ಅದಕ್ಕೇ ಹೇಳುವುದು, ನಿಮ್ಮ ಮನೆಯ ವಿಡಿಯೊ ನಿಮ್ಮ ಮನೆಯಲ್ಲೇ ಇರಲಿ.

ಹಾಗಾಗಿ ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ. ರೌಟರ್‌ನಲ್ಲಿ ಯುಪಿಎನ್‌ಪಿ ಬಂದ್ ಮಾಡಿ, ಅದು ಹೊರಗಿನಿಂದ ಒಳಬರುವ ದಾರಿಯನ್ನು ನಿಮ್ಮನ್ನು ಕೇಳದೆ ತೆರೆಯಬಲ್ಲದು. ಕ್ಯಾಮೆರಾಗಳಿಗೆ ಇಂಟರ್ನೆಟ್ಟೇ ಸಿಗದ ಹಾಗೆ ಮಾಡಿ, ಅವು ನಿಮ್ಮ ಕಂಪ್ಯೂಟರ್ ಜೊತೆ ಮಾತ್ರ ಮಾತಾಡಿದರೆ ಸಾಕು. ಊರಾಚೆ ಇದ್ದಾಗ ನೋಡಬೇಕಾ? ರೌಟರಿನಲ್ಲಿ ಪೋರ್ಟ್, ಅಂದರೆ ಹೊರಗಿನಿಂದ ಒಳಬರುವ ದಾರಿ, ತೆರೆದಿಡಬೇಡಿ. ವೈರ್‌ಗಾರ್ಡ್‌ನಂಥ ವಿಪಿಎನ್, ಅಂದರೆ ನಿಮಗೆ ಮಾತ್ರ ತೆರೆಯುವ ಗುಪ್ತ ದಾರಿ, ಹಾಕಿಕೊಂಡು ಒಳಗೆ ಬನ್ನಿ.

"ಕಳ್ಳ ಕಂಪ್ಯೂಟರನ್ನೇ ಹೊತ್ತುಕೊಂಡು ಹೋದರೆ?" ಅಲ್ಲಿ ಹಿಂದೆ ಕೂತವರು ಕೈ ಎತ್ತಿದ್ದಾರೆ. ನ್ಯಾಯವಾದ ಪ್ರಶ್ನೆ. ಟಿವಿ ಪಕ್ಕ ಇಡಬೇಡಿ, ಸುಲಭಕ್ಕೆ ಕಾಣದ ಕಡೆ, ಗಾಳಿ ಆಡುವ ಕಡೆ ಇಡಿ. ಚಲನೆ ಕಂಡ ತುಣುಕುಗಳನ್ನು ಮಾತ್ರ ಎನ್‌ಕ್ರಿಪ್ಟ್ ಮಾಡಿ, ಅಂದರೆ ಕೀಲಿ ಇಲ್ಲದವರಿಗೆ ತೆರೆಯದ ಹಾಗೆ ಬೀಗ ಹಾಕಿ, ನಿಮ್ಮ ಬಂಧುಗಳ ಮನೆಯ ಇನ್ನೊಂದು ಡಿಸ್ಕಿಗೆ ಕಳಿಸಿ. ಬೀಗದ ಕೀಲಿ ನಿಮ್ಮ ಹತ್ತಿರ ಇರುವವರೆಗೆ ಅದು ನಿಮ್ಮದೇ.

ಐದು ನಿಮಿಷ ಅಂತ ಚೀಟಿ ಬಂದಿದೆ. ಉಳಿದದ್ದು ಬೇಗ ಹೇಳುತ್ತೇನೆ. ಕರೆಂಟು: 60 ವಾಟ್ ಎಳೆಯುವ ಡೆಸ್ಕ್‌ಟಾಪ್ ತಿಂಗಳಿಗೆ 43 ಯೂನಿಟ್ ತಿನ್ನುತ್ತದೆ, 20 ವಾಟ್‌ನ ಲ್ಯಾಪ್‌ಟಾಪ್ 14 ಯೂನಿಟ್. ಲ್ಯಾಪ್‌ಟಾಪ್‌ಗೆ ಬ್ಯಾಟರಿಯೂ ಇದೆ, ಆದರೆ ಉಬ್ಬಿದ್ದರೆ ಇಂದೇ ತೆಗೆಸಿ. ಕರೆಂಟು ಹೋದಾಗ ಕಂಪ್ಯೂಟರ್ ಒಂದೇ ಎಚ್ಚರ ಇದ್ದರೆ ಸಾಲದು, ರೌಟರ್ ಮತ್ತು ಕ್ಯಾಮೆರಾದ ಕೇಬಲ್‌ಗಳು ಬಂದು ಸೇರುವ ನೆಟ್‌ವರ್ಕ್ ಸ್ವಿಚ್ಚಿಗೂ ಯುಪಿಎಸ್ ಬೇಕು. ಕರೆಂಟು ಬಂದ ಕೂಡಲೇ ತಾನೇ ಆನ್ ಆಗುವಂತೆ ಬಯಾಸ್‌ನಲ್ಲಿ, ಅಂದರೆ ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ನಲ್ಲಿ, ಸೆಟ್ ಮಾಡಿ. ವೈಫೈಗಿಂತ ತಂತಿ ವಾಸಿ. ಪಿಒಇ ಇದ್ದರೆ 100 ಮೀಟರ್ ತನಕ ಒಂದೇ ಕೇಬಲ್‌ನಲ್ಲಿ ಕರೆಂಟೂ ಹೋಗುತ್ತದೆ, ಚಿತ್ರವೂ ಬರುತ್ತದೆ. ಗಡಿಯಾರದ ಸಮಯ ಸರಿ ಇರಲಿ, ಸಮಯ ತಪ್ಪಿದ ವಿಡಿಯೊ ಪೊಲೀಸರ ಮುಂದೆ ನಿಮಗೇ ತಲೆನೋವು. ಪಕ್ಕದ ಮನೆಯ ಕಿಟಕಿ ಚಿತ್ರದಲ್ಲಿ ಬಂದರೆ ಆ ಭಾಗ ಮುಚ್ಚಿ. ಅವರ ಮನೆಯದೂ ಅವರ ಮನೆಯಲ್ಲೇ ಇರಬೇಕು ತಾನೆ.

ಕ್ಯಾಮೆರಾ ಎಲ್ಲೆಲ್ಲಿ ಇಡಬೇಕು ಅನ್ನೋದನ್ನು ಹೇಳಲು ಸಮಯ ಸಾಲಲಿಲ್ಲ. ಹೊರಗಿನ ಮೇಜಿನ ಮೇಲೆ ಒಂದು ಹಳೇ ಲ್ಯಾಪ್‌ಟಾಪು, ಎರಡು ಕ್ಯಾಮೆರಾ ಇವೆ. ಫ್ರಿಗೇಟ್ ಹಾಕಿ ಅಲ್ಲೇ ಜೋಡಿಸಿ ತೋರಿಸುತ್ತೇನೆ. ರೆಕಾರ್ಡ್ ಆದ ತುಣುಕನ್ನು ಹೊರತೆಗೆಯುವುದನ್ನೂ ನೋಡಿಕೊಂಡೇ ಹೋಗಿ.