ದನಿ ಯಾರದ್ದು, ದುಡ್ಡು ಯಾರಿಗೆ?

ಎಲ್ಲರಿಗೂ ನಮಸ್ಕಾರ. ದೊಡ್ಡ ಸ್ಟಾರ್‌ಗಳ ಮ್ಯೂಸಿಕ್ ವಿಡಿಯೋಗಳು ಕಪ್ಪು ಜನರ ಹೋರಾಟಕ್ಕೆ ಬಲ ಕೊಡುತ್ತವೆಯೋ, ಇಲ್ಲ ಆ ಹೋರಾಟವನ್ನೇ ಮಾರಿಕೊಳ್ಳುತ್ತವೆಯೋ ಅಂತ ಮಾತಾಡಲು ನನ್ನನ್ನು ಕರೆದಿದ್ದಾರೆ. ಅಮೆರಿಕದ ವಿಷಯ ನಮಗ್ಯಾಕೆ ಅಂತ ರೇಡಿಯೋ ಆರಿಸಬೇಡಿ. ನಾನು ಕೇಳುವುದು ಒಂದೇ ಪ್ರಶ್ನೆ. ದನಿ ಯಾರದ್ದು, ದುಡ್ಡು ಯಾರಿಗೆ?

2016ರ ಫೆಬ್ರವರಿ 6ರಂದು ಅಮೆರಿಕದ ಗಾಯಕಿ ಬಿಯಾನ್ಸೆ ‘ಫಾರ್ಮೇಶನ್’ ಅನ್ನುವ ಹಾಡಿನ ವಿಡಿಯೋ ಬಿಟ್ಟರು. ನೀವು ನೋಡಿಲ್ಲ ಅಂದ್ರೂ ಮನೆಯ ಮಕ್ಕಳು ನೋಡಿರುತ್ತಾರೆ. ನೆರೆನೀರಲ್ಲಿ ಮುಳುಗುತ್ತಿರುವ ಪೊಲೀಸ್ ಕಾರು, ಅದರ ಮೇಲೆ ಆಕೆ. 2005ರ ಕತ್ರೀನಾ ಚಂಡಮಾರುತದಲ್ಲಿ ಮುಳುಗಿದ ನ್ಯೂ ಆರ್ಲಿಯನ್ಸ್ ನೆನಪಾಗಲಿ ಅಂತಲೇ ಹಾಗೆ ತೆಗೆದಿದ್ದು. ಇನ್ನೊಂದು ಕಡೆ ಪುಟ್ಟ ಹುಡುಗನೊಬ್ಬ ಪೊಲೀಸರ ಸಾಲಿನ ಮುಂದೆ ಕುಣಿಯುತ್ತಾನೆ, ಕೊನೆಗೆ ಪೊಲೀಸರೇ ಕೈ ಮೇಲೆತ್ತುತ್ತಾರೆ. ಮೈ ಜುಮ್ ಅನ್ನುತ್ತದೆ, ಸುಳ್ಳು ಯಾಕೆ ಹೇಳಲಿ.

ಆದರೆ ಅದರಲ್ಲಿ ಮೊದಲು ಕೇಳಿಸುವ ದನಿ ಬಿಯಾನ್ಸೆಯದ್ದಲ್ಲ. ಅದು ಮೆಸ್ಸಿ ಮಾಯಾ ಅನ್ನುವ ಹುಡುಗನದ್ದು. ನ್ಯೂ ಆರ್ಲಿಯನ್ಸ್‌ನವನೇ. ಬೀದಿಯಲ್ಲಿ ನಡೆಯುತ್ತಾ ಸಿಕ್ಕವರನ್ನೆಲ್ಲ ಗೇಲಿ ಮಾಡುತ್ತಾ ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕುತ್ತಿದ್ದ, ಆ ಊರಿನದೇ ಶೈಲಿಯ, ಬೌನ್ಸ್ ಅನ್ನುವ ಕುಣಿತದ ರ್ಯಾಪ್ ಹಾಡುಗಳನ್ನೂ ಹಾಡುತ್ತಿದ್ದ. ಬಾಯಿ ಅಂದ್ರೆ ಬಾಯಿ, ಕೇಳಿದರೆ ನಗು ತಡೆಯಲು ಆಗಲ್ಲ. 2010ರ ನವೆಂಬರ್‌ನಲ್ಲಿ, ಹುಟ್ಟಬೇಕಿದ್ದ ತನ್ನ ಮಗುವಿಗಾಗಿ ಮಾಡಿದ ಸೀಮಂತದಂಥ ಕೂಟದಿಂದ ಹೊರಗೆ ಬಂದವನನ್ನು ಯಾರೋ ಗುಂಡು ಹಾರಿಸಿ ಕೊಂದರು. ಇನ್ನೂ 22 ವರ್ಷ! ಸತ್ತು ಐದು ವರ್ಷ ದಾಟಿದ ಮೇಲೆ ಅವನ ದನಿ ಜಗತ್ತಿಗೆಲ್ಲ ಕೇಳಿಸಿತು, ಜನ ಕುಣಿದರು. ಆಮೇಲೆ 2017ರಲ್ಲಿ ಅವನ ಮನೆಯವರು ಕೋರ್ಟಿಗೆ ಹೋದರು. ಒಪ್ಪಿಗೆ ಕೇಳಿಲ್ಲ, ಬಿಡಿಗಾಸೂ ಕೊಟ್ಟಿಲ್ಲ, 2 ಕೋಟಿ ಡಾಲರ್‌ಗೂ ಜಾಸ್ತಿ ಕೊಡಿ ಅಂತ ದಾವೆ. ಮರುವರ್ಷ ರಾಜಿಯಾಯಿತು. ಅಲ್ಲ ಸ್ವಾಮಿ, ಊರಿನ ನೋವಿನ ಬಗ್ಗೆ ವಿಡಿಯೋ ಮಾಡಿ, ಆ ಊರಿನ ಸತ್ತ ಹುಡುಗನ ಮನೆಯವರು ಕೋರ್ಟು ಮೆಟ್ಟಿಲು ಹತ್ತಬೇಕಾ? ದನಿ ಯಾರದ್ದು, ದುಡ್ಡು ಯಾರಿಗೆ?

ಈ ಕಥೆಯಲ್ಲೇ ಅರ್ಧ ಸಮಯ ಹೋಯಿತು, ಗಾಜಿನ ಆಚೆಯಿಂದ ಕೈಸನ್ನೆ ಶುರುವಾಗಿದೆ. ಬೇಗ ಹೇಳುತ್ತೇನೆ.

ಆಕೆಯೂ ಕಪ್ಪು ಹೆಣ್ಣುಮಗಳೇ ಅಲ್ವಾ ಅಂತ ಕೇಳುತ್ತೀರಿ. ಹೌದು, ಕೋಟ್ಯಧಿಪತಿಯೂ ಹೌದು. ವಿಡಿಯೋ ಬಂದ ಮರುದಿನವೇ ಕ್ಯಾಲಿಫೋರ್ನಿಯಾದಲ್ಲಿ ಸೂಪರ್ ಬೌಲ್, ಅಂದ್ರೆ ಅಮೆರಿಕನ್ ಫುಟ್‌ಬಾಲ್ ಫೈನಲ್ ನಡೆದ ಮೈದಾನದಲ್ಲಿ ಆಕೆಯ ಜೊತೆ ಕುಣಿದವರು ಕಪ್ಪು ಬೆರೆ ಟೋಪಿ ಹಾಕಿದ್ದರು. ಅದು ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಟೋಪಿ. 1966ರಲ್ಲಿ ಅದೇ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ಹುಟ್ಟಿದ ಪಕ್ಷ, 1969ರಿಂದ ಬಡ ಮಕ್ಕಳಿಗೆ ಶಾಲೆಗೆ ಮೊದಲು ಬಿಟ್ಟಿ ತಿಂಡಿ ಕೊಡುತ್ತಿತ್ತು. 1972ರಲ್ಲಿ ಮುಂಬೈಯ ಹುಡುಗರು ದಲಿತ ಪ್ಯಾಂಥರ್ಸ್ ಅಂತ ಹೆಸರಿಟ್ಟುಕೊಂಡಿದ್ದು ಇವರನ್ನು ನೋಡಿಯೇ. ಮೈದಾನಕ್ಕೆ ಬಂದಿದ್ದು ಟೋಪಿ ಮಾತ್ರ, ತಿಂಡಿ ತಟ್ಟೆ ಅಲ್ಲ.

ಆದರೂ ಆ ಸಂಜೆ ಒಂದು ಒಳ್ಳೆಯ ಕೆಲಸ ಆಯಿತು, ಅದನ್ನು ಮಾಡಿದ್ದು ಕುಣಿದ ಹುಡುಗಿಯರು. ಹಿಂದಿನ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಪೊಲೀಸರು ಮಾರಿಯೋ ವುಡ್ಸ್ ಅನ್ನುವವನನ್ನು ಗುಂಡಿಟ್ಟು ಕೊಂದಿದ್ದರು. ಮೈದಾನದಲ್ಲಿದ್ದ ಹೋರಾಟಗಾರರು ಕೇಳಿದ್ದಕ್ಕೆ, ಇವರು ಅವನಿಗೆ ನ್ಯಾಯ ಬೇಕು ಅಂತ ಕೈಬರಹದ ಕಾಗದ ಹಿಡಿದು ನಿಂತರು. ಆ ಕಾಗದ ಸ್ಕ್ರಿಪ್ಟಿನಲ್ಲಿ ಇರಲಿಲ್ಲ.

ಇನ್ನು ಕಪ್ಪು ರ್ಯಾಪ್ ಗಾಯಕ ಕೆಂಡ್ರಿಕ್ ಲಮಾರ್‌ನ ‘ಆಲ್‌ರೈಟ್’ ಹಾಡು ನೋಡಿ. 2015ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಜನ ಪೊಲೀಸರ ಎದುರಿಗೇ ಅದನ್ನು ಕೂಗಿ ಹಾಡಿದರು. ಯಾರೂ ಟಿಕೆಟ್ ಕೊಟ್ಟು ಬಂದವರಲ್ಲ. ಅಲ್ಲಿ ಹಾಡನ್ನು ಜನ ಬಳಸಿಕೊಂಡರು, ನನಗೆ ಇಷ್ಟವಾಗುವುದು ಅದು.

ಆಗ ಬಿಯಾನ್ಸೆಯ ಗಂಡನದ್ದಾಗಿದ್ದ, ಆನ್‌ಲೈನ್‌ನಲ್ಲಿ ಹಾಡು ಕೇಳಿಸುವ ಕಂಪನಿ ಟೈಡಲ್, ‘ಫಾರ್ಮೇಶನ್’ ಬಂದ ಹೊತ್ತಿಗೆ ಹೋರಾಟದ ಸಂಘಟನೆಗಳಿಗೆ 15 ಲಕ್ಷ ಡಾಲರ್ ಕೊಡುವುದಾಗಿ ಹೇಳಿತು, ಅದನ್ನೂ ಹೇಳಬೇಕು. ಇನ್ನೊಂದು ಕಡೆ, ಪೊಲೀಸರಿಗೆ ಅವಮಾನ ಆಯಿತು ಅಂತ ಕೆಲವರು ಬಿಯಾನ್ಸೆಯನ್ನು ಬಹಿಷ್ಕರಿಸಿ ಅಂತ ಕೂಗೆಬ್ಬಿಸಿದರಲ್ಲ, ಆಕೆ ಏಪ್ರಿಲ್‌ನಲ್ಲಿ ಶುರುವಾದ ಪ್ರವಾಸದಲ್ಲಿ ಅದೇ ಘೋಷಣೆಯನ್ನು ಟೀ ಶರ್ಟ್ ಮೇಲೆ ಅಚ್ಚು ಹಾಕಿಸಿ ಮಾರಿದರು! ಸಮಯ ಮುಗಿಯಿತು ಅಂತಿದ್ದಾರೆ. ನಮಸ್ಕಾರ.