ಬೆಂಕಿಯಿಂದ ಪಾರಾಗಿ ಆಮೇಲೆ ಕಳೆದುಹೋದ ಪುಸ್ತಕ

ಎಲ್ಲರಿಗೂ ನಮಸ್ಕಾರ. ರೋಮಿನ ಇತಿಹಾಸಕಾರರು ಅಂದರೆ ಲಿವಿ, ಟ್ಯಾಸಿಟಸ್ ಹೆಸರು ನೀವು ಕೇಳಿರುತ್ತೀರಿ. ಇವತ್ತು ನಾನು ಹೇಳಹೊರಟಿರುವುದು ಕ್ರೆಮುಟಿಯಸ್ ಕಾರ್ಡಸ್ ಎಂಬಾತನ ಬಗ್ಗೆ. ಅವನ ಪುಸ್ತಕ ಈಗ ಇಲ್ಲ. ಬೇರೆಯವರ ಬರಹಗಳಲ್ಲಿ ಸಿಕ್ಕಿಕೊಂಡ ಒಂದಷ್ಟು ತುಣುಕುಗಳಿವೆ, ಅಷ್ಟೇ.

ಕ್ರಿ.ಶ. 25. ಟೈಬೀರಿಯಸ್ ಚಕ್ರವರ್ತಿಯ ಕಾಲ. ಕಾರ್ಡಸ್ ಮೇಲೆ ರಾಜದ್ರೋಹದ ಮೊಕದ್ದಮೆ ಬಿತ್ತು. ಮಾಡಿದ್ದೇನು? ತನ್ನ ಇತಿಹಾಸದ ಪುಸ್ತಕದಲ್ಲಿ, ಸೀಸರನನ್ನು ಕೊಂದ ಬ್ರೂಟಸ್‌ನನ್ನು ಹೊಗಳಿದ್ದ. ಆ ಕೊಲೆಯಲ್ಲಿ ಜೊತೆಗಿದ್ದ ಕ್ಯಾಸಿಯಸ್‌ನನ್ನು 'ಕೊನೆಯ ರೋಮನ್' ಅಂದಿದ್ದ. ಆ ಕೊಲೆ ನಡೆದು ಆಗಲೇ 68 ವರ್ಷ! ಇದೇ ಬರಹವನ್ನು ಹಿಂದೆ ಚಕ್ರವರ್ತಿ ಆಗಸ್ಟಸ್ ಎದುರಿಗೇ ಓದಿದ್ದರು, ಆಗ ಯಾವ ತಕರಾರೂ ಬಂದಿರಲಿಲ್ಲ.

ಅಸಲಿ ಜಗಳ ಇದ್ದದ್ದು ಟೈಬೀರಿಯಸ್‌ನ ಬಲಗೈಯಾಗಿದ್ದ ಸೆಜಾನಸ್ ಜೊತೆ. ರೋಮಿನಲ್ಲಿ ಸೇನಾಪತಿ ಪಾಂಪೆ ಕಟ್ಟಿಸಿದ್ದ, ಆಮೇಲೆ ಸುಟ್ಟುಹೋಗಿದ್ದ ರಂಗಮಂದಿರದಲ್ಲಿ ಸೆಜಾನಸ್‌ನ ಪ್ರತಿಮೆ ನಿಲ್ಲಿಸಲು ಹೊರಟಾಗ ಕಾರ್ಡಸ್, 'ರಂಗಮಂದಿರ ನಿಜವಾಗಿ ಹಾಳಾಗಿದ್ದು ಈಗ' ಅಂದುಬಿಟ್ಟ. ಸುಮ್ನಿರುವ ಬಾಯಲ್ಲ ಅದು. ಆಮೇಲೆ ಅವನ ಮೇಲೆ ದೂರು ಕೊಟ್ಟವರಿಬ್ಬರೂ ಸೆಜಾನಸ್ ಕಡೆಯವರೇ.

ಕಾರ್ಡಸ್ ತೀರ್ಪಿಗೆ ಕಾಯಲಿಲ್ಲ, ಊಟ ಬಿಟ್ಟ. ಮಗಳು ಮಾರ್ಸಿಯಾಗೆ ಗೊತ್ತಾಗಬಾರದಲ್ವಾ? ಕೋಣೆಯಲ್ಲಿ ಉಂಡ ಹಾಗೆ ಕಾಣಲಿ ಅಂತ ಸ್ವಲ್ಪ ಸ್ವಲ್ಪ ಕಿಟಕಿಯಿಂದ ಆಚೆ ಎಸೆಯುತ್ತಿದ್ದ. ನಾಲ್ಕನೇ ದಿನ ಅವಳನ್ನು ತಬ್ಬಿಕೊಂಡು ವಿಷಯ ಹೇಳಿದ. ಸುದ್ದಿ ಹಬ್ಬಿದ್ದೇ ತಡ, ದೂರುದಾರರು ರೋಮಿನ ಹಿರಿಯ ಅಧಿಕಾರಿಗಳಾದ ಕಾನ್ಸಲ್‌ಗಳ ಹತ್ತಿರ ಓಡಿದರು. ಆರೋಪಿ ಸಾಯುತ್ತಿದ್ದಾನೆ, ತಡೆಯಿರಿ ಅಂತ! ಸಾಯಲು ಬಿಡಬೇಕೋ ಬೇಡವೋ ಎಂದು ಅಲ್ಲಿ ಚರ್ಚೆ ನಡೆಯುತ್ತಿದ್ದಾಗಲೇ ಇಲ್ಲಿ ಅವನ ಜೀವ ಹೋಗಿತ್ತು. ಇದೆಲ್ಲ ನಮಗೆ ಗೊತ್ತಾಗಿದ್ದು ತತ್ವಜ್ಞಾನಿ ಸೆನೆಕ ಮಾರ್ಸಿಯಾಗೆ ಬರೆದ ಸಾಂತ್ವನದ ಬರಹದಿಂದ.

ಪುಸ್ತಕ ಸುಡಿ ಎಂದು ಸೆನೆಟ್ ಹೇಳಿತು. ಮಾರ್ಸಿಯಾ ಬಚ್ಚಿಟ್ಟಳು. ಕ್ರಿ.ಶ. 37ರಲ್ಲಿ ಕ್ಯಾಲಿಗುಲ ಪಟ್ಟಕ್ಕೆ ಬಂದ ಮೇಲೆ ಅದಕ್ಕೆ ಅನುಮತಿ ಸಿಕ್ಕಿತು. ಅಪಾಯ ತಂದಿದ್ದ ಸಾಲುಗಳಿಗೆ ಕತ್ತರಿ ಬಿದ್ದಿತ್ತು, ಆದರೂ ಖಾರ ಉಳಿದಿದೆ ಎಂದು ಭಾಷಣಕಲೆಯ ಗುರು ಕ್ವಿಂಟಿಲಿಯನ್ ಮೆಚ್ಚಿಕೊಂಡ.

ಇವತ್ತಿನ ಅಧಿಕಾರದಿಂದ ನಾಳೆಯವರ ನೆನಪನ್ನು ಅಳಿಸಲು ಹೊರಟವರ ದಡ್ಡತನಕ್ಕೆ ನಗಬೇಕು ಅನ್ನುತ್ತಾನೆ ಟ್ಯಾಸಿಟಸ್. ನನಗೆ ಇದು ಅರ್ಧ ನಿಜ ಅನಿಸುತ್ತದೆ. ಬೆಂಕಿ ಸೋತಿತು, ಸರಿ. ಆದರೆ ಆ ಕಾಲದಲ್ಲಿ ಪುಸ್ತಕ ಉಳಿಯಬೇಕಾದರೆ ಯಾರಾದರೂ ಕೂತು ಕೈಯಲ್ಲಿ ಮತ್ತೆ ಮತ್ತೆ ನಕಲು ಮಾಡುತ್ತಲೇ ಇರಬೇಕು. ಕಾರ್ಡಸ್‌ನ ಪುಸ್ತಕಕ್ಕೆ ಅಂಥವರು ಸಿಗದೆ ಹೋದರು. ಸುಡಿ ಅಂತ ಯಾರೂ ಹೇಳದೆಯೇ ಅದು ಹೋಯಿತು.

ಟ್ಯಾಸಿಟಸ್ ಕೊಡುವ ಕಾರ್ಡಸ್‌ನ ಕೋರ್ಟ್ ಭಾಷಣ ಸೊಗಸಾಗಿದೆ. ಆದರೆ ಅದು ಜಾಸ್ತಿ ಟ್ಯಾಸಿಟಸ್‌ನದೇ ಮಾತು. ಕಾರ್ಡಸ್‌ನ ಸ್ವಂತ ವಾಕ್ಯ ಬೇಕಾದರೆ ಹಿರಿಯ ಸೆನೆಕನ ಬಳಿ, ಅಂದರೆ ಈ ಸೆನೆಕನ ಅಪ್ಪನ ಬಳಿ, ಹೋಗಬೇಕು. ಕೊಲೆಯಾದ ವಾಗ್ಮಿ ಸಿಸೆರೋನ ತಲೆಯ ಪಕ್ಕ ಕಟ್ಟಿದ್ದ ಬಲಗೈ ನೋಡಿ ಜನ ಅತ್ತಿದ್ದು ಅಲ್ಲಿದೆ. ಸಿಸೆರೋನನ್ನು ಕಾರ್ಡಸ್ ಹೊಗಳಿದ್ದೂ ಇದೆ. 'ಇದನ್ನು ಇಲ್ಲಿ ಹೇಳುವಷ್ಟು ಯೋಗ್ಯತೆ ಇದಕ್ಕಿಲ್ಲ' ಅಂತ ಮೂಗು ಮುರಿದೇ ಹಿರಿಯ ಸೆನೆಕ ಅದರಿಂದ ಒಂದು ಚೂರು ಬರೆದಿಟ್ಟ. ಬೈದುಕೊಂಡಾದರೂ ಬರೆದಿಟ್ಟನಲ್ಲ, ಪುಣ್ಯಾತ್ಮ!