ಪರಿಹಾರವೇ ಗಂಟಾದಾಗ

ಎಲ್ಲರಿಗೂ ನಮಸ್ಕಾರ.

ಒಬ್ಬ ಯುವಕ ಆಸ್ಪತ್ರೆಯಲ್ಲಿದ್ದಾನೆ. ಸ್ಕಿಜೋಫ್ರೇನಿಯಾ ಎಂಬ ಗಂಭೀರ ಮಾನಸಿಕ ಕಾಯಿಲೆಯ ತೀವ್ರ ಹಂತ ಕಳೆದು ಚೇತರಿಸಿಕೊಳ್ಳುತ್ತಿದ್ದಾನೆ. ತಾಯಿ ನೋಡಲು ಬರುತ್ತಾರೆ. ಕಂಡ ಸಂತೋಷಕ್ಕೆ ಅವನು ಅವರ ಹೆಗಲ ಮೇಲೆ ಕೈ ಹಾಕುತ್ತಾನೆ. ತಾಯಿಯ ಮೈ ಸೆಟೆದುಕೊಳ್ಳುತ್ತದೆ. ಅವನು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಕೂಡಲೇ ತಾಯಿ, ನನ್ನ ಮೇಲೆ ಪ್ರೀತಿ ಹೋಯಿತೇ ಎಂದು ಕೇಳುತ್ತಾರೆ. ಅವನ ಮುಖ ಕೆಂಪಾಗುತ್ತದೆ. ಇಷ್ಟು ಬೇಗ ಸಂಕೋಚಪಡಬಾರದು, ನಿನ್ನ ಭಾವನೆಗಳಿಗೆ ನೀನೇ ಹೆದರಬಾರದು ಎಂದು ಅವರು ಬುದ್ಧಿ ಹೇಳುತ್ತಾರೆ. ಅವನು ಕೆಲವು ನಿಮಿಷವಷ್ಟೇ ಅವರ ಜೊತೆ ಕೂರುತ್ತಾನೆ. ತಾಯಿ ಹೊರಟ ಮೇಲೆ ಆಸ್ಪತ್ರೆಯ ಸಹಾಯಕನೊಬ್ಬನ ಮೇಲೆ ಕೈ ಮಾಡುತ್ತಾನೆ.

1956ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಂಶೋಧನಾ ಲೇಖನದಲ್ಲಿ ಈ ಘಟನೆ ಬರುತ್ತದೆ. ಅಪ್ಪಿಕೊಂಡರೂ ತಪ್ಪು, ಅಪ್ಪಿಕೊಳ್ಳದಿದ್ದರೂ ತಪ್ಪು. ಅತ್ತ ದರಿ, ಇತ್ತ ಪುಲಿ. ಇಲ್ಲೇನೋ ಸಿಕ್ಕಿಕೊಂಡಿದೆ ಎಂದು ಬಾಯಿಬಿಟ್ಟು ಹೇಳುವ ದಾರಿಯೂ ಇಲ್ಲ. ಲೇಖಕರು ಇದನ್ನು ‘ಡಬಲ್ ಬೈಂಡ್’ ಎಂದು ಕರೆದರು. ಅಲ್ಲಿಯವರೆಗೆ ಹೆಚ್ಚಿನ ಮನೋವೈದ್ಯರು ಯುವಕನ ತಲೆಯೊಳಗೆ ಏನಿದೆ ಎಂದು ಹುಡುಕುತ್ತಿದ್ದರು. ಇವರು ತಾಯಿ ಮತ್ತು ಮಗನ ನಡುವೆ ಏನು ನಡೆಯಿತು ಎಂದು ನೋಡಿದರು. ಇಂದು ನಾವು ಮಾತನಾಡಲಿರುವ, ಕುಟುಂಬ ಚಿಕಿತ್ಸೆಯ ಎರಡು ಕವಲುಗಳಾದ ತಂತ್ರಪ್ರಧಾನ ಚಿಕಿತ್ಸೆ ಮತ್ತು ಅಲ್ಪಾವಧಿ ಚಿಕಿತ್ಸೆ ಎರಡೂ ಆ ನೋಟದಿಂದ ಹೊರಟವು.

ಆ ನೋಟ ಯಾರಿಗೆ ಬಂತು ಎಂಬುದನ್ನು ಗಮನಿಸಿ. ತಂಡದ ನಾಯಕ ಗ್ರೆಗರಿ ಬೇಟ್ಸನ್ ಮಾನವಶಾಸ್ತ್ರಜ್ಞರು. ನ್ಯೂಗಿನಿ ಮತ್ತು ಬಾಲಿಯಲ್ಲಿ ಕೆಲಸ ಮಾಡಿ ಬಂದವರು. ಸ್ಯಾನ್ ಫ್ರಾನ್ಸಿಸ್ಕೋದ ಮೃಗಾಲಯದಲ್ಲಿ ಎರಡು ಕೋತಿಗಳು ಆಟಕ್ಕೆ ಕಚ್ಚಾಡುವುದನ್ನು ಕಂಡು, ಇದು ಜಗಳವಲ್ಲ, ಆಟ ಎಂದು ಒಂದು ಇನ್ನೊಂದಕ್ಕೆ ಹೇಗೆ ತಿಳಿಸುತ್ತದೆ ಎಂದು ತಲೆಕೆಡಿಸಿಕೊಂಡವರು. ಜಾನ್ ವೀಕ್‌ಲ್ಯಾಂಡ್ ಕೆಮಿಕಲ್ ಎಂಜಿನಿಯರ್ ಆಗಿದ್ದು ಮಾನವಶಾಸ್ತ್ರಕ್ಕೆ ತಿರುಗಿದವರು. ಜೇ ಹೇಲಿ ಓದಿದ್ದು ರಂಗಭೂಮಿ, ಗ್ರಂಥಾಲಯ ವಿಜ್ಞಾನ ಮತ್ತು ಸಂವಹನ. ಲೇಖನ ಬರೆದ ಈ ನಾಲ್ವರಲ್ಲಿ ಡಾನ್ ಜಾಕ್ಸನ್ ಒಬ್ಬರೇ ಮನೋವೈದ್ಯರು. ರೋಗದ ಹೆಸರುಗಳನ್ನು ಬಾಯಿಪಾಠ ಮಾಡದವರಾಗಿದ್ದರಿಂದಲೇ ಇವರಿಗೆ ಮನುಷ್ಯರ ನಡುವಿನ ಮಾತು ಕಂಡಿತು ಎಂದು ನನಗೆ ಬಲವಾಗಿ ಅನಿಸುತ್ತದೆ.

ಆದರೆ ಆ ಲೇಖನ ಮಾಡಿದ ಹಾನಿಯನ್ನೂ ಇಲ್ಲಿಯೇ ಹೇಳಬೇಕು. ಡಬಲ್ ಬೈಂಡ್‌ನಿಂದ ಸ್ಕಿಜೋಫ್ರೇನಿಯಾ ಬರುತ್ತದೆ ಎಂಬ ಊಹೆ ಮುಂದೆ ನಿಲ್ಲಲಿಲ್ಲ. ಅಷ್ಟರಲ್ಲಿ ಎಷ್ಟೋ ತಾಯಂದಿರು ಮಗುವಿನ ಕಾಯಿಲೆಯ ಜೊತೆಗೆ ಅದಕ್ಕೆ ನೀವೇ ಕಾರಣ ಎಂಬ ಆರೋಪವನ್ನೂ ಹೊತ್ತರು. ಕುಟುಂಬ ಚಿಕಿತ್ಸೆ ಕಲಿಯುವವರು ಇದನ್ನು ಮರೆಯಬಾರದು. ಮನೆಯನ್ನು ನೋಡುವುದು ಬೇರೆ, ಮನೆಯವರನ್ನು ಕಟಕಟೆಯಲ್ಲಿ ನಿಲ್ಲಿಸುವುದು ಬೇರೆ.

ಈಗ ಅರಿಜೋನಾದ ಫೀನಿಕ್ಸ್‌ಗೆ ಹೋಗೋಣ. ಹೇಲಿ ಮತ್ತು ವೀಕ್‌ಲ್ಯಾಂಡ್ 1950ರ ದಶಕದಲ್ಲಿ ಮತ್ತೆ ಮತ್ತೆ ಹೋಗಿ ಕುಳಿತದ್ದು ಅಲ್ಲಿನ ಮನೋವೈದ್ಯ ಮಿಲ್ಟನ್ ಎರಿಕ್‌ಸನ್ ಅವರ ಎದುರು. ಹದಿನೇಳನೆಯ ವಯಸ್ಸಿನಲ್ಲಿ ಪೋಲಿಯೋ ಬಡಿದು ಹಾಸಿಗೆ ಹಿಡಿದಿದ್ದ ಎರಿಕ್‌ಸನ್, ಮನೆಯವರ ಬಾಯಿ ಒಂದು ಹೇಳಿದರೆ ಮುಖ ಇನ್ನೊಂದು ಹೇಳುವುದನ್ನು ಮಲಗಿದಲ್ಲಿಂದಲೇ ನೋಡಿ ಕಲಿತೆ ಎನ್ನುತ್ತಿದ್ದರು. ಅವರ ಒಂದು ಚಿಕಿತ್ಸೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ವಯಸ್ಸಾದವರೊಬ್ಬರು ನಿದ್ದೆ ಬಾರದೆಂದು ಬಂದರು. ರಾತ್ರಿಗೆ ಹೆಚ್ಚೆಂದರೆ ಎರಡು ಗಂಟೆಯ ನಿದ್ದೆ. ಇವರು ಮಗನ ಜೊತೆ ಮನೆಗೆಲಸ ಹಂಚಿಕೊಂಡಿದ್ದರು. ನೆಲಕ್ಕೆ ಮೇಣ ಹಚ್ಚಿ ಉಜ್ಜುವ ಕೆಲಸವೆಂದರೆ ಮಾತ್ರ ಅವರಿಗೆ ಆಗದು. ಎಂಟು ಗಂಟೆಯ ನಿದ್ದೆ ಬಿಟ್ಟುಕೊಡಲು ಸಿದ್ಧರಿದ್ದೀರಾ ಎಂದು ಎರಿಕ್‌ಸನ್ ಕೇಳಿದರು. ಸಿದ್ಧ ಎಂದರು. ಹಾಗಾದರೆ ಇಂದು ರಾತ್ರಿ ಮಲಗುವ ಹೊತ್ತಿಗೆ ಮೇಣದ ಡಬ್ಬಿ ಮತ್ತು ಬಟ್ಟೆ ತೆಗೆದುಕೊಂಡು ಬೆಳಗಿನವರೆಗೆ ನೆಲ ಉಜ್ಜಿ. ನಾಲ್ಕು ರಾತ್ರಿ ಹೀಗೆ ಮಾಡಿದರೆ ನಿಮಗೆ ನಷ್ಟವಾಗುವುದು ಎಂಟೇ ಗಂಟೆ. ಮೂರು ರಾತ್ರಿ ಉಜ್ಜಿದರು. ನಾಲ್ಕನೆಯ ರಾತ್ರಿ, ಶುರು ಮಾಡುವ ಮುಂಚೆ ಸ್ವಲ್ಪ ಕಣ್ಣಿಗೆ ವಿಶ್ರಾಂತಿ ಕೊಡೋಣವೆಂದು ಒರಗಿದವರು ಎಚ್ಚರವಾದಾಗ ಬೆಳಗಾಗಿತ್ತು.

ನಿದ್ದೆ ಮಾಡಲೇಬೇಕೆಂದು ಹಟ ಹಿಡಿದವರಿಗೆ ನಿದ್ದೆ ಬರುವುದಿಲ್ಲ. ಹಾಸಿಗೆಯಲ್ಲಿ ಹೊರಳಾಡಿದ ಪ್ರತಿಯೊಬ್ಬರಿಗೂ ಇದು ಗೊತ್ತು. ಎರಿಕ್‌ಸನ್ ಆ ಹಟವನ್ನೇ ಕೈಯಿಂದ ತೆಗೆದು ಅಲ್ಲೊಂದು ಮೇಣದ ಡಬ್ಬಿ ಇಟ್ಟರು. ಬಾಲ್ಯದಲ್ಲಿ ಏನಾಯಿತು ಎಂದು ಅವರು ಅಗೆಯಲಿಲ್ಲ. ರೋಗಿಗೆ ಕೆಲಸ ಕೊಡುವ, ಆ ಕೆಲಸವನ್ನು ಆ ವ್ಯಕ್ತಿಗೆಂದೇ ಹೊಲಿಯುವ ಈ ರೀತಿಗೆ ಹೇಲಿ ‘ಸ್ಟ್ರಾಟಜಿಕ್’, ಅಂದರೆ ತಂತ್ರಪ್ರಧಾನ, ಎಂದು ಹೆಸರಿಟ್ಟರು. ಏನು ಬದಲಾಗಬೇಕು, ಅದಕ್ಕೆ ಏನು ಮಾಡಬೇಕು ಎಂದು ಯೋಜಿಸುವ ಜವಾಬ್ದಾರಿ ಚಿಕಿತ್ಸಕರದು ಎಂಬುದು ಅದರ ತಿರುಳು.

ಅತ್ತ ಜಾಕ್ಸನ್ 1950ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಮೆಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಕಟ್ಟಿದ್ದರು. 1967ರಲ್ಲಿ ಅಲ್ಲಿ ರಿಚರ್ಡ್ ಫಿಶ್ ಅವರ ಮುಂದಾಳತ್ವದಲ್ಲಿ ಅಲ್ಪಾವಧಿ ಚಿಕಿತ್ಸಾ ಕೇಂದ್ರ ಆರಂಭವಾಯಿತು. ಜೊತೆಗೆ ವೀಕ್‌ಲ್ಯಾಂಡ್ ಮತ್ತು ಆಸ್ಟ್ರಿಯಾದಿಂದ ಬಂದ ಪಾಲ್ ವಾಟ್ಸ್‌ಲಾವಿಕ್. ನಿಯಮ ಸರಳ: ಹೆಚ್ಚೆಂದರೆ ಹತ್ತು ಭೇಟಿ. ಒಬ್ಬರು ಕುಟುಂಬದ ಜೊತೆ ಕೂರುತ್ತಿದ್ದರು. ಉಳಿದವರು ಒಂದೇ ಬದಿಯಿಂದ ಕಾಣುವ ಗಾಜಿನ ಹಿಂದೆ ಕುಳಿತು, ಬೇಕೆನಿಸಿದಾಗ ಒಳಗಿನ ಫೋನಿಗೆ ಕರೆ ಮಾಡಿ ಸಲಹೆ ಕೊಡುತ್ತಿದ್ದರು. ಕೇಳುತ್ತಿದ್ದ ಪ್ರಶ್ನೆಗಳೂ ಸರಳವಾಗಿದ್ದವು. ತೊಂದರೆ ಏನು? ಅದನ್ನು ಹೋಗಲಾಡಿಸಲು ಇದುವರೆಗೆ ಏನೇನು ಮಾಡಿದ್ದೀರಿ? ಎಷ್ಟು ಚಿಕ್ಕ ಬದಲಾವಣೆ ಕಂಡರೆ ದಾರಿಗೆ ಬಂತು ಎಂದು ನಿಮಗೆ ಅನಿಸುತ್ತದೆ?

ಇಡೀ ಚರಿತ್ರೆ ತಿರುಗುವುದು ನಡುವಿನ ಆ ಪ್ರಶ್ನೆಯ ಮೇಲೆ. ಕಷ್ಟಗಳು ಬಾಳಿನಲ್ಲಿ ಬಂದೇ ಬರುತ್ತವೆ. ಅದೇ ಪರಿಹಾರವನ್ನು ಮತ್ತೆ ಮತ್ತೆ, ಇನ್ನಷ್ಟು ಜೋರಾಗಿ ಮಾಡುತ್ತಾ ಹೋದಾಗ ಕಷ್ಟ ಕಗ್ಗಂಟಾಗುತ್ತದೆ. ನಮ್ಮದೇ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗ ದ್ವಿತೀಯ ಪಿಯುಸಿ. ಪುಸ್ತಕ ಮುಟ್ಟುವುದಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ‘ಓದಿದೆಯೇನೋ?’ ಎನ್ನುತ್ತಾರೆ. ಅವನು ಬಾಗಿಲು ಹಾಕಿಕೊಳ್ಳುತ್ತಾನೆ. ಬಾಗಿಲು ಹಾಕಿದ್ದಕ್ಕೆ ಅಮ್ಮ ಗಂಟೆಗೊಮ್ಮೆ ತಟ್ಟುತ್ತಾರೆ. ಅವನು ಚಿಲಕ ಹಾಕುತ್ತಾನೆ. ಅಪ್ಪ ಬಡಗಿಯನ್ನು ಕರೆಸಿ ಚಿಲಕವನ್ನೇ ತೆಗೆಸುತ್ತಾರೆ. ಅವನು ಮೊಬೈಲ್ ಹಿಡಿದು ತಾರಸಿಗೆ ಹೋಗುತ್ತಾನೆ. ಇಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರೂ ಸರಿಪಡಿಸಲೆಂದೇ ಎಳೆಯುತ್ತಿದ್ದಾರೆ, ಎಳೆದಷ್ಟೂ ಗಂಟು ಬಿಗಿಯುತ್ತಿದೆ.

ಪಾಲೋ ಆಲ್ಟೋದ ದಾರಿ ಹಿಡಿದ ಚಿಕಿತ್ಸಕರು ಆ ತಾಯಿಗೆ ‘ಕೇಳಬೇಡಿ’ ಎಂದಷ್ಟೇ ಹೇಳಿ ಕಳಿಸುವುದಿಲ್ಲ. ಹೆತ್ತ ಕರುಳು ಕೇಳದೆ ಇರಲಾರದು. ಕೇಳಬೇಕೆನಿಸಿದಾಗ ಮಾಡಲು ಬೇರೊಂದು ಕೆಲಸ ಬೇಕು. ‘ಮಗು, ಮೊಬೈಲಿನಲ್ಲಿ ಕರೆಂಟ್ ಬಿಲ್ ಕಟ್ಟುವುದು ಹೇಗೆಂದು ತೋರಿಸು’ ಎಂದು ಕೇಳುವುದು, ಅವನು ಹೇಳಿಕೊಟ್ಟಿದ್ದನ್ನು ಬರೆದುಕೊಳ್ಳುವುದು. ಒಂದು ವಾರ, ಅಷ್ಟೇ. ದಿನವೂ ಪರೀಕ್ಷಕಿಯಾಗಿದ್ದ ತಾಯಿ ಹತ್ತು ನಿಮಿಷ ವಿದ್ಯಾರ್ಥಿನಿಯಾದರೆ ಆ ಬಾಗಿಲಿನ ಎರಡೂ ಕಡೆ ಏನೋ ಸಡಿಲವಾಗುತ್ತದೆ. ಮಗ ಮರುದಿನವೇ ಪುಸ್ತಕ ಹಿಡಿಯುತ್ತಾನೆಂದು ನಾನು ಭರವಸೆ ಕೊಡುತ್ತಿಲ್ಲ. ಕೆಳಗಿಳಿದು ಬರಲು ಅವನಿಗೊಂದು ಕಾರಣ ಸಿಕ್ಕಿರುತ್ತದೆ.

ಗಂಟು ಈ ಹೊತ್ತಿನ ನಡವಳಿಕೆಯಲ್ಲಿದೆ ಎಂದು ತಿಳಿದ ಮೇಲೆ ವರ್ಷಗಟ್ಟಲೆ ಹಿಂದಕ್ಕೆ ಅಗೆಯುವ ಅಗತ್ಯ ಬೀಳಲಿಲ್ಲ; ಭೇಟಿಗಳು ತಾವಾಗಿಯೇ ಕಡಿಮೆಯಾದವು. ತಂಡ 1974ರಲ್ಲಿ ತನ್ನ ಮೊದಲ 97 ಪ್ರಕರಣಗಳ ಲೆಕ್ಕ ಕೊಟ್ಟಿತು: ಸರಾಸರಿ ಏಳು ಭೇಟಿ, ಶೇಕಡಾ 40ರಲ್ಲಿ ಪೂರ್ಣ ಯಶಸ್ಸು, 32ರಲ್ಲಿ ಗಮನಾರ್ಹ ಸುಧಾರಣೆ, 28ರಲ್ಲಿ ಸೋಲು. ಸೋತದ್ದನ್ನೂ ಎಣಿಸಿ ಅಚ್ಚು ಹಾಕಿಸಿದ ಆ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ.

ಹೇಲಿ 1967ರಲ್ಲಿ ಫಿಲಡೆಲ್ಫಿಯಾಕ್ಕೆ ಹೋಗಿ ಕುಟುಂಬ ಚಿಕಿತ್ಸಕ ಸಾಲ್ವಡೋರ್ ಮಿನುಚಿನ್ ಅವರ ಜೊತೆ ಸೇರಿದರು. ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ತಂದೆತಾಯಿಯ ಜಾಗದಲ್ಲಿ ಮಗು ಕುಳಿತಿದೆಯೇ ಎಂಬುದು ಹೇಲಿ ಅವರಿಗೆ ಮುಖ್ಯವಾಗುತ್ತಾ ಹೋಯಿತು. ಬಡಾವಣೆಯ ಪದವಿಯಿಲ್ಲದ ಜನರನ್ನೇ ಕುಟುಂಬ ಸಮಾಲೋಚಕರನ್ನಾಗಿ ಅಲ್ಲಿ ತರಬೇತುಗೊಳಿಸಿದರು. 1970ರ ದಶಕದಲ್ಲಿ ಅವರು ಚಿಕಿತ್ಸಕಿ ಕ್ಲೋಯಿ ಮಡಾನೆಸ್ ಜೊತೆ ವಾಷಿಂಗ್ಟನ್ ಡಿ.ಸಿ.ಯಲ್ಲಿ ಸ್ವಂತ ಸಂಸ್ಥೆ ತೆರೆದರು. ಇಟಲಿಯ ಮಿಲಾನಿನಲ್ಲಿ ಮನೋವೈದ್ಯೆ ಮಾರಾ ಸೆಲ್ವಿನಿ ಪಲಾಜೋಲಿ ಮತ್ತು ಮೂವರು ಸಂಗಡಿಗರು ಸುಮಾರು ಹತ್ತು ಭೇಟಿಗಳನ್ನೇ ಇಟ್ಟುಕೊಂಡು, ನಡುವೆ ತಿಂಗಳು ತಿಂಗಳು ಅಂತರ ಬಿಟ್ಟರು. ಕುಟುಂಬಗಳು ದೂರದಿಂದ ಬರಬೇಕಿತ್ತು ಎಂಬುದು ಮೊದಲ ಕಾರಣ; ಕೊಟ್ಟ ಕೆಲಸ ಮನೆಯಲ್ಲಿ ನಾಟಲು ಆ ತಿಂಗಳು ಬೇಕೇ ಬೇಕು ಎಂಬುದು ಆಮೇಲೆ ತಿಳಿಯಿತು.

1978ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ತಮ್ಮದೇ ಚಿಕಿತ್ಸಾ ಕೇಂದ್ರ ತೆರೆದ ಸ್ಟೀವ್ ಡಿ ಶೇಜರ್ ಮತ್ತು ಕೊರಿಯಾ ಮೂಲದ ಇನ್ಸೂ ಕಿಮ್ ಬರ್ಗ್ ದಂಪತಿ ಪ್ರಶ್ನೆಯನ್ನು ಇನ್ನೂ ಒಂದು ಸುತ್ತು ತಿರುಗಿಸಿದರು. ತೊಂದರೆ ಇಲ್ಲದ ಹೊತ್ತು ಯಾವುದು? ಆಗ ಏನು ಮಾಡುತ್ತಿರುತ್ತೀರಿ? ಪವಾಡವೇ ಆಗಬೇಕೇನೋ ಎಂದು ಸೋತು ನುಡಿದ ಮಹಿಳೆಯೊಬ್ಬರ ಮಾತನ್ನು ಬರ್ಗ್ ಹಿಡಿದುಕೊಂಡರು. ರಾತ್ರಿ ನೀವು ಮಲಗಿದ್ದಾಗ ಪವಾಡ ನಡೆದು ಎಲ್ಲ ಸರಿಹೋಗಿದೆ ಎಂದುಕೊಳ್ಳಿ, ಬೆಳಗ್ಗೆ ಎದ್ದಾಗ ಅದು ನಿಮಗೆ ಯಾವುದರಿಂದ ಗೊತ್ತಾಗುತ್ತದೆ? ಕಾಫಿ ಲೋಟ ಯಾರು ತಂದುಕೊಡುತ್ತಾರೆ ಎಂಬಷ್ಟು ಚಿಕ್ಕ ಉತ್ತರಗಳು ಬರುತ್ತವೆ. ಆ ಚಿಕ್ಕದರಿಂದಲೇ ಕೆಲಸ ಶುರು.

ಈ ಪರಂಪರೆಯ ಮೇಲಿನ ಆಕ್ಷೇಪಗಳಲ್ಲಿ ಒಂದನ್ನು ಪೂರ್ತಿ ಒಪ್ಪುತ್ತೇನೆ. ಎಲ್ಲವನ್ನೂ ಸುತ್ತಿನಂತೆ, ಇವರಿಂದ ಅವರು, ಅವರಿಂದ ಇವರು ಎಂದು ನೋಡುವ ಕಣ್ಣಿಗೆ ಗಂಡ ಹೆಂಡತಿಯನ್ನು ಹೊಡೆಯುವುದೂ ಇಬ್ಬರೂ ಸೇರಿ ಆಡುವ ಆಟದಂತೆ ಕಂಡುಬಿಡುತ್ತದೆ. ಸ್ತ್ರೀವಾದಿ ಚಿಕಿತ್ಸಕಿಯರು 1970ರ ದಶಕದ ಕೊನೆಯಿಂದ ಇದನ್ನು ಗಟ್ಟಿಯಾಗಿ ಪ್ರಶ್ನಿಸಿದರು. ಹೊಡೆದ ಕೈಗೆ ಒಡೆಯ ಒಬ್ಬನೇ. ಮಡಾನೆಸ್ ಮುಂದೆ ಕುಟುಂಬದೊಳಗಿನ ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ತಪ್ಪಿತಸ್ಥನು ಎಲ್ಲರೆದುರು ಮಂಡಿಯೂರಿ, ನೊಂದವರ ಕ್ಷಮೆ ಕೇಳಬೇಕೆಂದು ಚಿಕಿತ್ಸೆಯಲ್ಲೇ ವಿಧಿಸಿದರು. ತಂತ್ರದ ಚಿಕಿತ್ಸೆ ನ್ಯಾಯದ ಮಾತನ್ನೂ ಆಡಲು ಕಲಿತದ್ದು ಹಾಗೆ.

ಇನ್ನೊಂದು ವಿಷಯ ಹೇಳಿ ನಿಲ್ಲಿಸುತ್ತೇನೆ. ಪಾಲೋ ಆಲ್ಟೋದಲ್ಲಿ ತಾಯಂದಿರ ಮಾತನ್ನು ಟೇಪಿನಲ್ಲಿ ಹಿಡಿದು ತಪ್ಪು ಹುಡುಕುತ್ತಿದ್ದ ಅದೇ 1950ರ ದಶಕದಲ್ಲಿ, ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರಿಗೆ ಆವರಣದಲ್ಲೇ ಡೇರೆ ಹಾಕಿಸಿದರು. ಅವರು ಅಲ್ಲೇ ಉಳಿದು, ರೋಗಿಯ ಆರೈಕೆಯಲ್ಲಿ ಕೈಜೋಡಿಸಿ, ಕಾಯಿಲೆಯನ್ನು ಅರ್ಥ ಮಾಡಿಕೊಂಡು ಊರಿಗೆ ಮರಳುತ್ತಿದ್ದರು. ಮನೆಯವರನ್ನು ಜೊತೆಗಿಟ್ಟುಕೊಳ್ಳುವ ರೂಢಿ ವೆಲ್ಲೂರಿನಲ್ಲೂ ನಮ್ಮ ಬೆಂಗಳೂರಿನಲ್ಲೂ ಬೆಳೆಯಿತು. ಇಂದು ನಿಮ್ಹಾನ್ಸ್‌ನಲ್ಲಿ ದಾಖಲಾದ ಮಗನ ಪಕ್ಕದಲ್ಲಿ, ಬಟ್ಟೆಯ ಚೀಲ ಮತ್ತು ನೀರಿನ ಬಾಟಲಿ ಇಟ್ಟುಕೊಂಡು ಕುಳಿತ ತಾಯಿಯನ್ನು ನೀವು ಕಂಡಿರುತ್ತೀರಿ. ಅವರ ಬಳಿ ಹೋದಾಗ, ಇದುವರೆಗೆ ಏನೇನು ಮಾಡಿ ನೋಡಿದಿರಿ ಅಮ್ಮಾ ಎಂದು ಕೇಳಿ, ಕುಳಿತು, ಪೂರ್ತಿ ಕೇಳಿಸಿಕೊಳ್ಳಿ.